ಎದ್ದು ನಿಲ್ಲದ ಬಾತುಕೋಳಿ ಮರಿ: ದೋಷ ಹುಡುಕುವ ಕ್ರಮ, ಆಹಾರ ಮತ್ತು ಪೂರಕಗಳು

ಎರಡು ಮೂರು ವಾರದ ಬಾತುಕೋಳಿ ಮರಿಗಳನ್ನು ಸಾಕುವವರಿಂದ ಹೆಚ್ಚಾಗಿ ಕೇಳಿಬರುವ ದೂರು ಒಂದೇ: ನಿನ್ನೆಯವರೆಗೆ ಓಡಾಡಿಕೊಂಡಿದ್ದ ಮರಿ ಇಂದು ಕುಳಿತಲ್ಲಿಂದ ಏಳುತ್ತಿಲ್ಲ, ಎಬ್ಬಿಸಿದರೆ ನಾಲ್ಕು ಹೆಜ್ಜೆ ಹಾಕಿ ಕುಸಿಯುತ್ತದೆ, ಅಥವಾ ಪಾದ ಊರದೆ ಹಿಮ್ಮಡಿ ಗಂಟಿನ ಮೇಲೆ ತೆವಳುತ್ತದೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಔಷಧಿ ಅಂಗಡಿಯಿಂದ ವಿಟಮಿನ್ ಬಾಟಲಿಯೊಂದು ಮನೆಗೆ ಬರುತ್ತದೆ. ಕೆಲವು ಮರಿಗಳು ಅದರಿಂದ ಚೇತರಿಸಿಕೊಳ್ಳುತ್ತವೆ, ಕೆಲವು ಸಾಯುತ್ತವೆ, ಮತ್ತು ಎರಡೂ ಸಂದರ್ಭಗಳಲ್ಲಿ ನಿಜವಾದ ಕಾರಣ ಏನೆಂಬುದು ಗೊತ್ತಾಗುವುದೇ ಇಲ್ಲ. ಕಾಲು ಸೋಲುವುದು ರೋಗದ ಹೆಸರಲ್ಲ. ಚಳಿ, ಜಾರುವ ನೆಲ, ನಯಾಸಿನ್ (ಅಂದರೆ ವಿಟಮಿನ್ ಬಿ3) ಕೊರತೆ, ಬೂಷ್ಟು ಹಿಡಿದ ಹಿಂಡಿಯ ವಿಷ, ವೈರಸ್ ಅಥವಾ ಬ್ಯಾಕ್ಟೀರಿಯಾ ಸೋಂಕು ಇವೆಲ್ಲವೂ ಮೊದಮೊದಲು ಹೊರಗಿನಿಂದ ಒಂದೇ ರೀತಿ ಕಾಣಿಸುತ್ತವೆ. ಇವುಗಳಲ್ಲಿ ಪೂರಕದಿಂದ ಪೂರ್ತಿ ವಾಸಿಯಾಗುವುದು ಒಂದೆರಡು ಮಾತ್ರ. ಹಾಗಾಗಿ ಏನು ಕೊಡಬೇಕು ಎಂದು ಕೇಳುವ ಮೊದಲು ಇದುವರೆಗೆ ಏನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳುವುದು ಸರಿಯಾದ ಕ್ರಮ, ಮತ್ತು ಈ ಕೈಪಿಡಿ ಸಾಗುವುದೂ ಅದೇ ದಾರಿಯಲ್ಲಿ.

ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಆಹಾರ

ಕಾರಣ ಹುಡುಕುವ ಕೆಲಸಕ್ಕೆ ಇಳಿಯುವ ಮೊದಲು ಮರಿಯನ್ನು ಬದುಕಿಸಿಕೊಳ್ಳಬೇಕು. ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಅದರ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ಪಾದ ತಣ್ಣಗಿದ್ದು, ಕಣ್ಣು ಅರ್ಧ ಮುಚ್ಚಿ, ಕುತ್ತಿಗೆ ಜೋಲುತ್ತಿದ್ದರೆ ಆ ಮರಿಗೆ ಆಗಲೇ ಆಹಾರ ಕೊಡಬಾರದು. ಮೈ ತಣ್ಣಗಾದ ಮರಿಯ ಜೀರ್ಣಾಂಗ ಕೆಲಸ ಮಾಡುವುದಿಲ್ಲವಾದ್ದರಿಂದ ಬಾಯಿಗೆ ಹಾಕಿದ್ದು ಗಂಟಲ ಚೀಲದಲ್ಲಿಯೇ ಉಳಿದು ಹುಳಿಯುತ್ತದೆ. ಮೊದಲ ವಾರದ ಮರಿಗೆ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಕಾಯಿಲೆಯ ಮರಿಗೆ ಅದರ ವಯಸ್ಸಿನ ಲೆಕ್ಕಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚೇ ಇರಲಿ. ರಟ್ಟಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಮಾತ್ರ ಬಲ್ಬ್ ತೂಗುಹಾಕಿದರೆ ಬಿಸಿ ಹೆಚ್ಚಾದಾಗ ಮರಿ ಇನ್ನೊಂದು ತುದಿಗೆ ಸರಿಯಬಹುದು. ಆದರೆ ಏಳಲಾಗದ ಮರಿಗೆ ಸರಿಯುವ ಶಕ್ತಿ ಇರುವುದಿಲ್ಲ ಎಂಬುದನ್ನು ನೆನಪಿಟ್ಟು, ಕೊಕ್ಕು ತೆರೆದು ಏದುಸಿರು ಬಿಡುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲವಾದ್ದರಿಂದ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಹತ್ತಿರವೇ ಇಟ್ಟುಕೊಂಡಿರುವುದು ಒಳ್ಳೆಯದು.

ಪಾದ ಬೆಚ್ಚಗಾದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ ಅಥವಾ ಬೆಲ್ಲ ಕರಗಿಸಿ ಕುಡಿಸಬಹುದು. ಕುಡಿಸುವುದೆಂದರೆ ಬಾಯಿಗೆ ಸುರಿಯುವುದಲ್ಲ. ಬಾತುಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ತೆರೆದುಕೊಂಡಿರುವುದರಿಂದ ಡ್ರಾಪರ್‌ನಿಂದ ಒಳಗೆ ಹಾಕಿದ ನೀರು ನೇರವಾಗಿ ಪುಪ್ಪುಸಕ್ಕೆ ಇಳಿಯಬಹುದು. ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ತಾಗಿಸಿದರೆ ಮರಿ ತಾನಾಗಿ ಚಪ್ಪರಿಸಿ ನುಂಗುತ್ತದೆ, ನುಂಗದಿದ್ದರೆ ನಿಲ್ಲಿಸಬೇಕು. ಸಕ್ಕರೆ ನೀರು ಕೆಲವು ಗಂಟೆಗಳ ಉಪಾಯ ಮಾತ್ರ. ಬಹಳ ಹೊತ್ತು ನೀರಿಲ್ಲದೆ ಇದ್ದ ಮರಿಗಳ ಮುಂದೆ ಒಮ್ಮೆಲೇ ತುಂಬಿದ ಬಟ್ಟಲಿಟ್ಟರೆ ಅವು ಮಿತಿಮೀರಿ ಕುಡಿದು ತೂರಾಡಿ ಬೀಳುವುದೂ ಉಂಟು. ಹಾಗಾಗಿ ಮೊದಲ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಬಾತುಕೋಳಿ ಎಂದ ಮಾತ್ರಕ್ಕೆ ಕಾಯಿಲೆಯ ಮರಿಯನ್ನು ನೀರಿಗೆ ಬಿಡುವುದಂತೂ ಕೂಡದು: ತಾಯಿಯಿಲ್ಲದೆ ಬೆಳೆದ ಮರಿಯ ತುಪ್ಪಳಕ್ಕೆ ಎಣ್ಣೆಯ ರಕ್ಷಣೆ ಸಾಲದು, ಅದು ನೆನೆದು ಮತ್ತೆ ಚಳಿಗೆ ಸಿಕ್ಕಿಕೊಳ್ಳುತ್ತದೆ.

ಒಂಟಿ ಮರಿ ಕೂಗಿ ಕೂಗಿ ಸೊರಗುತ್ತದೆ. ಬೇರೆ ಮಾಡಲೇಬೇಕಾದರೆ ನಡುವೆ ಜಾಲರಿ ಇಟ್ಟು ಜೊತೆಯವು ಕಣ್ಣಿಗೆ ಕಾಣುವಂತೆ ಇರಿಸಿ. ಸೋಂಕಿನ ಅನುಮಾನ ಇದ್ದಲ್ಲಿ ಮಾತ್ರ ಈ ಅನುಕೂಲವನ್ನು ಬಿಟ್ಟು ಬೇರೆ ಕೋಣೆಗೆ ಒಯ್ಯಬೇಕು.

ಉತ್ತರ ಸಿಗಲೇಬೇಕಾದ ನಾಲ್ಕು ಪ್ರಶ್ನೆಗಳು

ಮರಿಯ ವಯಸ್ಸು ಎಷ್ಟು? ಒಂದೇ ಮರಿಗೆ ಹೀಗಾಗಿದೆಯೇ, ಹಲವಕ್ಕೆ ಆಗಿದೆಯೇ? ರಾತ್ರಿ ಬೆಳಗಾಗುವುದರೊಳಗೆ ಆದದ್ದೇ, ನಾಲ್ಕಾರು ದಿನಗಳಿಂದ ಸ್ವಲ್ಪಸ್ವಲ್ಪವಾಗಿ ಹೆಚ್ಚಿದ್ದೇ? ಮತ್ತು, ಮೊಟ್ಟೆಯೊಡೆದ ದಿನದಿಂದ ಮರಿ ತಿಂದದ್ದೇನು?

ಹುಟ್ಟಿದ ಮೊದಲ ಮೂರು ನಾಲ್ಕು ದಿನಗಳಲ್ಲಿಯೇ ಕಾಲು ಎರಡೂ ಕಡೆಗೆ ಜಾರಿ ಹೋಗುತ್ತಿದ್ದರೆ ಅದು ಆಹಾರದ ದೋಷವಾಗಿರುವುದು ಅಪರೂಪ. ನೆಲದ ದೋಷವೇ ಇರಬೇಕು. ಎರಡನೆಯ ವಾರ ದಾಟಿದ ಮೇಲೆ ನಿಧಾನವಾಗಿ, ಒಂದರ ಹಿಂದೆ ಒಂದರಂತೆ, ಅದರಲ್ಲೂ ಚೆನ್ನಾಗಿ ಬೆಳೆಯುತ್ತಿದ್ದ ದಪ್ಪ ಮರಿಗಳೇ ಮೊದಲು ಕುಂಟಲು ತೊಡಗಿದರೆ ಕೊರತೆಯ ಕಡೆಗೆ ನೋಡಬೇಕು. ಒಂದೇ ರಾತ್ರಿಯಲ್ಲಿ ಹಲವು ಮರಿಗಳು ಬಿದ್ದು, ಬೆಳಗ್ಗೆ ಒಂದೆರಡು ಸತ್ತಿದ್ದರೆ ಅದು ವಿಷ ಅಥವಾ ಸೋಂಕು. ಆಗ ಪೂರಕದ ಮಾತನ್ನು ಬಿಟ್ಟು ಪಶುವೈದ್ಯರನ್ನು ಕರೆಸಬೇಕು. ಹಲವು ಮರಿಗಳ ನಡುವೆ ಒಂದೇ ಒಂದು ಕುಂಟುತ್ತಿದ್ದರೆ ಮೊದಲು ಪೆಟ್ಟು, ಪಾದಕ್ಕೆ ಚುಚ್ಚಿದ ಮುಳ್ಳು, ಬೆರಳಿಗೆ ಸುತ್ತಿಕೊಂಡ ದಾರ ಇವನ್ನು ಹುಡುಕಿ. ದಾರ ಸುತ್ತಿಕೊಂಡದ್ದು ತುಪ್ಪಳದ ಮರೆಯಲ್ಲಿ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ.

ನೆಲದ ವಿಷಯ ಇಲ್ಲಿಯೇ ಮುಗಿಸಿಬಿಡಬಹುದು. ಸುದ್ದಿಪತ್ರಿಕೆಯ ಹಾಳೆ ಹಾಸುವುದು ಎಲ್ಲ ಕಡೆಯೂ ಇರುವ ರೂಢಿ. ಅದು ಒದ್ದೆಯಾದಾಗ ಎಣ್ಣೆ ಸವರಿದಂತೆ ಜಾರುತ್ತದೆ. ಅದರ ಬದಲು ಗೋಣಿ ತಾಟು ಅಥವಾ ರಬ್ಬರ್ ಜಾಲರಿಯ ಮ್ಯಾಟ್ ಹಾಸಿ, ಎರಡು ಕಾಲುಗಳ ನಡುವೆ ಸಹಜ ಅಂತರ ಉಳಿಯುವಂತೆ ಮೆತ್ತನೆಯ ಬ್ಯಾಂಡೇಜ್ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರೆ ಮೊದಲ ವಾರದೊಳಗಿನ ಮರಿ ಬಹುಮಟ್ಟಿಗೆ ಸರಿಹೋಗುತ್ತದೆ. ತಡವಾದಷ್ಟೂ ಫಲ ಕಡಿಮೆ.

ಕಾಲನ್ನು ಕೈಯಿಂದ ನೋಡುವ ಬಗೆ

ಮರಿಯ ಬೆನ್ನು ನಿಮ್ಮ ಎಡ ಅಂಗೈಗೆ ಒರಗುವಂತೆ ಹಿಡಿದು, ಎರಡು ಕಾಲುಗಳನ್ನೂ ಸಡಿಲವಾಗಿ ನೇತಾಡಲು ಬಿಡಿ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಮ್ಮಡಿ ಗಂಟನ್ನು, ಅಂದರೆ ಪಾದಕ್ಕೆ ಮೇಲೆ ಹಿಂದಕ್ಕೆ ಮಡಚಿಕೊಳ್ಳುವ ಕೀಲನ್ನು, ಹಿಡಿದು ಎರಡು ಕಡೆಯನ್ನೂ ಹೋಲಿಸಿ ನೋಡಿ. ಎರಡೂ ಗಂಟುಗಳು ಒಂದೇ ಸಮನೆ ದಪ್ಪಗಾಗಿ, ಮೂಳೆ ಬಿಲ್ಲಿನಂತೆ ಬಾಗಿದ್ದು, ಮುಟ್ಟಿದರೆ ವಿಶೇಷವಾಗಿ ಬಿಸಿ ಇಲ್ಲದಿದ್ದರೆ ಅದು ನಯಾಸಿನ್ ಕೊರತೆಯ ಮುಖ್ಯ ಕುರುಹು. ಒಂದೇ ಗಂಟು ಊದಿ ಬಿಸಿಯಾಗಿದ್ದರೆ ಪೆಟ್ಟು ಅಥವಾ ಕೀಲಿನ ಸೋಂಕು. ಗಂಟಿನ ಹಿಂಭಾಗದಲ್ಲಿ ನಡುಮಧ್ಯದ ತೋಡಿನಲ್ಲಿ ಇರಬೇಕಾದ ಸ್ನಾಯುರಜ್ಜು ಪಕ್ಕಕ್ಕೆ ಜಾರಿ, ಪಾದ ತಿರುಚಿಕೊಂಡಿದ್ದರೆ ಮ್ಯಾಂಗನೀಸ್ ಅಥವಾ ಕೋಲಿನ್ ಕೊರತೆಯನ್ನು ಅನುಮಾನಿಸಬೇಕು. ನಯಾಸಿನ್ ಕೊರತೆಯಲ್ಲಿ ರಜ್ಜು ಹೀಗೆ ಜಾರುವುದು ವಿರಳ. ಮೇಲ್ಕೊಕ್ಕನ್ನು ಮೆಲ್ಲಗೆ ಒತ್ತಿದಾಗ ರಬ್ಬರಿನಂತೆ ಬಾಗಿದರೆ ಅದು ವಿಟಮಿನ್ ಡಿ, ಸುಣ್ಣ ಮತ್ತು ರಂಜಕದ ಲೆಕ್ಕ ತಪ್ಪಿದ್ದರಿಂದ ಬರುವ ಮೂಳೆ ಮೆತುತನ. ಬಿಸಿಲೇ ಕಾಣದೆ ಕೋಣೆಯೊಳಗೆ ಬೆಳೆದ ಮರಿಗಳಲ್ಲಿ ಇದು ಹೆಚ್ಚು. ಬೆಳಗಿನ ಎಳೆಬಿಸಿಲಿಗೆ ದಿನವೂ ಸ್ವಲ್ಪ ಹೊತ್ತು ಬಿಡುವುದು ಮತ್ತು ಸರಿಯಾದ ಮರಿ ಆಹಾರಕ್ಕೆ ಬದಲಿಸುವುದೇ ಇದಕ್ಕೆ ಮೊದಲ ಪರಿಹಾರ.

ಕೊನೆಗೆ ಕಾಲಿನ ಚರ್ಮದ ಬಣ್ಣವನ್ನು ನೋಡಿ. ಕಾಲು ಮತ್ತು ಪಾದದಲ್ಲಿ ನೇರಳೆ ಛಾಯೆ, ಚರ್ಮದಡಿ ರಕ್ತ ಹೆಪ್ಪುಗಟ್ಟಿದಂಥ ಕಲೆ ಕಂಡರೆ ನಯಾಸಿನ್ ವಿಚಾರವನ್ನು ಪಕ್ಕಕ್ಕಿಟ್ಟು, ಮುಂದೆ ಹೇಳುವ ಹಿಂಡಿಯ ವಿಷದ ಭಾಗವನ್ನು ಓದಿಕೊಳ್ಳಬೇಕು.

ನಯಾಸಿನ್: ಬಾತುಮರಿಗೆ ಯಾಕಿಷ್ಟು ಬೇಕು

ಕೋಳಿಮರಿಯೂ ಬಾತುಮರಿಯೂ ಒಂದೇ ತಟ್ಟೆಯಲ್ಲಿ ತಿಂದು, ಕೋಳಿಮರಿ ಗಟ್ಟಿಯಾಗಿ ಬೆಳೆದು ಬಾತುಮರಿ ಮಾತ್ರ ಕುಸಿಯುವುದಕ್ಕೆ ಸ್ಪಷ್ಟ ಕಾರಣವಿದೆ. ಹಕ್ಕಿಗಳ ದೇಹವು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಸ್ವಲ್ಪ ನಯಾಸಿನ್ ಅನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಬಾತುಕೋಳಿಯಲ್ಲಿ ಆ ದಾರಿಯ ನಡುವೆ ಕೆಲಸ ಮಾಡುವ ಕಿಣ್ವವೊಂದು ತೀರ ಚುರುಕಾಗಿದ್ದು ಕಚ್ಚಾವಸ್ತುವನ್ನು ಬೇರೆ ಕಡೆಗೆ ತಿರುಗಿಸಿಬಿಡುತ್ತದೆ, ನಯಾಸಿನ್ ಆಗಿ ಉಳಿಯುವುದು ಬಹಳ ಕಡಿಮೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಬಾತುಮರಿಯ ಆಹಾರದ ಪ್ರತಿ ಕಿಲೋದಲ್ಲಿ 55 ಮಿಲಿಗ್ರಾಂ ನಯಾಸಿನ್ ಇರಬೇಕು. ಬ್ರಾಯ್ಲರ್ ಮರಿಗೆ 35, ಮೊಟ್ಟೆ ತಳಿಯ ಕೋಳಿಮರಿಗೆ 27 ಮಿಲಿಗ್ರಾಂ ಸಾಕು. ನಮ್ಮಲ್ಲಿ ಬಾತುಕೋಳಿಗೆಂದೇ ತಯಾರಿಸಿದ ಆಹಾರ ಸುಲಭವಾಗಿ ಸಿಗುವುದಿಲ್ಲ, ಸಿಗುವುದು ಕೋಳಿಮರಿಯ ಸ್ಟಾರ್ಟರ್, ಅಂದರೆ ಎಳೆಯ ಮರಿಗಳಿಗೆಂದು ತಯಾರಿಸಿದ ಆಹಾರ. ದೊಡ್ಡ ತಯಾರಕರು ಕನಿಷ್ಠಕ್ಕಿಂತ ಹೆಚ್ಚಾಗಿಯೇ ನಯಾಸಿನ್ ಬೆರೆಸುತ್ತಾರಾದ್ದರಿಂದ ಬ್ರಾಯ್ಲರ್ ಪ್ರಿಸ್ಟಾರ್ಟರ್ ತಿಂದ ಎಷ್ಟೋ ಮರಿಗಳು ಏನೂ ತೊಂದರೆಯಿಲ್ಲದೆ ಬೆಳೆಯುತ್ತವೆ. ಚೀಲದ ಮೇಲಿನ ಪಟ್ಟಿಯನ್ನು ಓದಿ ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

ನಿಜವಾದ ತೊಂದರೆ ಇರುವುದು ಮನೆ ಆಹಾರದಲ್ಲಿ. ಅಕ್ಕಿ ನುಚ್ಚು, ಅನ್ನ, ಮಂಡಕ್ಕಿ, ಬ್ರೆಡ್ಡು, ಮೆಕ್ಕೆಜೋಳದ ರವೆ ಇವುಗಳ ಮೇಲೆಯೇ ಮರಿಗಳನ್ನು ಬೆಳೆಸುವುದು ಕರಾವಳಿಯಲ್ಲೂ ಮಲೆನಾಡಿನಲ್ಲೂ ಸಾಮಾನ್ಯ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಯಾಸಿನ್ ಬಹುಪಾಲು ತೌಡಿನ ಜೊತೆಗೆ ಹೋಗಿಬಿಟ್ಟಿರುತ್ತದೆ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಅದು ಬೇರೆ ವಸ್ತುಗಳೊಂದಿಗೆ ಬಂಧಿತವಾಗಿದ್ದು ಜೀರ್ಣವಾಗಿ ಮೈಗೆ ಸೇರುವುದಿಲ್ಲ. ಮೆಕ್ಕೆಜೋಳವನ್ನೇ ನಂಬಿದ ನಾಡುಗಳಲ್ಲಿ ಮನುಷ್ಯರಿಗೆ ಪೆಲಾಗ್ರಾ ಎಂಬ ನಯಾಸಿನ್ ಕೊರತೆಯ ರೋಗ ಬರುತ್ತಿದ್ದುದೂ ಈ ಕಾರಣದಿಂದಲೇ. ದಖ್ಖನ್ ಪ್ರಸ್ಥಭೂಮಿಯಲ್ಲಿ ಬಿಳಿಜೋಳ ಉಣ್ಣುವವರಲ್ಲಿ ಕಂಡ ಪೆಲಾಗ್ರಾವನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿಗಳು 1960ರ ಹೊತ್ತಿಗೇ ವಿವರವಾಗಿ ಅಭ್ಯಸಿಸಿದ್ದರು. ತಾಯಿಯ ಹಿಂದೆ ಗದ್ದೆಗಿಳಿದು ಹುಳು, ಬಸವನಹುಳು, ಗೊದಮೊಟ್ಟೆ, ಸಣ್ಣ ಮೀನು ತಿನ್ನುವ ಮರಿಗೆ ಅದೇ ನುಚ್ಚಿನ ಆಹಾರ ಸಾಕಾಗುತ್ತದೆ, ಏಕೆಂದರೆ ಕೊರತೆಯನ್ನು ಗದ್ದೆ ತುಂಬುತ್ತದೆ. ಅಂಗಳದ ಪೆಟ್ಟಿಗೆಯಲ್ಲಿ ಬೆಳೆಯುವ ಮರಿಗೆ ಆ ಭಾಗ್ಯವಿಲ್ಲ. ನಮ್ಮ ಹಿರಿಯರು ನುಚ್ಚಿನಲ್ಲಿಯೇ ಸಾಕುತ್ತಿದ್ದರಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ವೈಟ್ ಪೆಕಿನ್‌ನಂಥ ಮಾಂಸದ ತಳಿಗಳಲ್ಲಿ ಮೈತೂಕ ಬೇಗ ಏರುವುದರಿಂದ ದೋಷ ಬೇಗ ಹೊರಬೀಳುತ್ತದೆ. ಹಗುರ ಮೈಯ ಖಾಕಿ ಕ್ಯಾಂಪ್‌ಬೆಲ್ ಮತ್ತು ನಾಟಿ ಬಾತುಗಳಲ್ಲಿ ಅಷ್ಟು ಬೇಗ ಕಾಣದಿರಬಹುದು.

ಕೊಡಬೇಕಾದ ಪ್ರಮಾಣದ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ದಿನಕ್ಕೆ 50 ಗ್ರಾಂ ಆಹಾರ ತಿನ್ನುವ ಮರಿಗೆ ಮೇಲಿನ ಮಾನದಂಡದಂತೆ ಸುಮಾರು 2.75 ಮಿಲಿಗ್ರಾಂ ನಯಾಸಿನ್ ಬೇಕು. ಹಸಿ ಬಟಾಣಿ ಕೊಟ್ಟರೆ ಸಾಕು ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. 100 ಗ್ರಾಂ ಹಸಿ ಬಟಾಣಿಯಲ್ಲಿ ಇರುವುದು ಸುಮಾರು 2 ಮಿಲಿಗ್ರಾಂ ಮಾತ್ರ, ಅಷ್ಟು ಬಟಾಣಿ ತಿಂದ ಮರಿಯ ಹೊಟ್ಟೆಯಲ್ಲಿ ಬೇರೆ ಆಹಾರಕ್ಕೆ ಜಾಗವೇ ಇರುವುದಿಲ್ಲ. ಬಟಾಣಿ ಒಳ್ಳೆಯ ತಿಂಡಿ, ಔಷಧಿಯಲ್ಲ. ಒಣಗಿಸಿದ ಬ್ರೂವರ್ಸ್ ಯೀಸ್ಟ್ ಪುಡಿಯಲ್ಲಿ 100 ಗ್ರಾಂಗೆ ಸಾಮಾನ್ಯವಾಗಿ 35ರಿಂದ 40 ಮಿಲಿಗ್ರಾಂನಷ್ಟು ನಯಾಸಿನ್ ಇರುವುದರಿಂದ, ಪ್ರತಿ 100 ಗ್ರಾಂ ಆಹಾರಕ್ಕೆ 5ರಿಂದ 10 ಗ್ರಾಂ ಬೆರೆಸಿದರೆ ಕೋಳಿಮರಿ ಆಹಾರದ ಕೊರತೆ ತುಂಬುತ್ತದೆ. ಬೇಕರಿಯಲ್ಲಿ ಹಿಟ್ಟು ಉಬ್ಬಿಸಲು ಬಳಸುವ ಜೀವಂತ ಯೀಸ್ಟನ್ನು ಇದರ ಬದಲಿಗೆ ಕೊಡಬಾರದು, ಅದು ಹೊಟ್ಟೆಯೊಳಗೆ ಹುದುಗಿ ತೊಂದರೆ ಮಾಡುತ್ತದೆ.

ಕಾಲು ಆಗಲೇ ಸೋತಿರುವ ಮರಿಗೆ ಯೀಸ್ಟ್ ಒಂದೇ ಸಾಲುವುದಿಲ್ಲ. ನಯಾಸಿನ್‌ನ ಒಂದು ರೂಪವಾದ ನಿಕೋಟಿನಮೈಡ್ ಇರುವ ಗುಳಿಗೆಯನ್ನು ಪುಡಿ ಮಾಡಿ ಸುಮಾರು 4 ಲೀಟರ್ ಕುಡಿಯುವ ನೀರಿಗೆ 100ರಿಂದ 150 ಮಿಲಿಗ್ರಾಂ ಪ್ರಮಾಣದಲ್ಲಿ ಕರಗಿಸಿ ಕೊಡುವುದು ರೂಢಿಯಲ್ಲಿರುವ ಕ್ರಮ. ಒಂದು ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 25ರಿಂದ 38 ಮಿಲಿಗ್ರಾಂ. ಬಿ ಕಾಂಪ್ಲೆಕ್ಸ್ ಗುಳಿಗೆ ಅಥವಾ ಕೋಳಿಗಳಿಗೆಂದೇ ಸಿಗುವ ದ್ರವವನ್ನೂ ಬಳಸಬಹುದು, ಆದರೆ ಅದರಲ್ಲಿ ನಿಕೋಟಿನಮೈಡ್ ಎಷ್ಟಿದೆ ಎಂಬುದನ್ನು ಪಟ್ಟಿಯಲ್ಲಿ ನೋಡಿಯೇ ಲೆಕ್ಕ ಹಾಕಬೇಕು. ಕಬ್ಬಿಣ, ಸತು ಮೊದಲಾದ ಖನಿಜಗಳು ಸೇರಿದ ಮನುಷ್ಯರ ಬಹುವಿಟಮಿನ್ ಗುಳಿಗೆಗಳೂ, ಕೊಲೆಸ್ಟರಾಲ್‌ಗೆಂದು ಕೊಡುವ ನಿಧಾನವಾಗಿ ಕರಗುವ ಹೆಚ್ಚು ಪ್ರಮಾಣದ ನಯಾಸಿನ್ ಗುಳಿಗೆಗಳೂ ಬೇಡ. ಬಾತುಮರಿ ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚಾದ್ದರಿಂದ ನೀರಿನಲ್ಲಿ ಹಾಕಿದ್ದರಲ್ಲಿ ಎಷ್ಟು ಒಳಗೆ ಹೋಯಿತೆಂದು ಹೇಳಲಾಗದು. ಅದೇ ನೀರಿನಲ್ಲಿ ಆಹಾರವನ್ನೂ ಕಲಸಿ ಕೊಟ್ಟರೆ ಈ ಅನಿಶ್ಚಯ ಕಡಿಮೆಯಾಗುತ್ತದೆ. ಬೇರೆ ನೀರು ಇಡಬಾರದು. ದಿನವೂ ಹೊಸದಾಗಿ ಕಲಸಬೇಕು.

ಪೂರಕ ಕೊಡುವುದೇ ಇಲ್ಲಿ ಪರೀಕ್ಷೆಯೂ ಹೌದು. ನಯಾಸಿನ್ ಕೊರತೆಯೇ ಕಾರಣವಾಗಿದ್ದರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮರಿ ಹೆಚ್ಚು ಹೊತ್ತು ನಿಲ್ಲಲು, ಆಹಾರದ ಬಟ್ಟಲಿಗೆ ತಾನಾಗಿ ಬರಲು ತೊಡಗುತ್ತದೆ. ಐದಾರು ದಿನ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಏನೂ ಬದಲಾವಣೆ ಇಲ್ಲದಿದ್ದರೆ ಪ್ರಮಾಣವನ್ನು ಏರಿಸುತ್ತ ಹೋಗುವುದು ತಪ್ಪು ದಾರಿ. ರೋಗನಿರ್ಣಯವೇ ತಪ್ಪಿದೆ ಎಂದು ತಿಳಿದು ಹಿಂದಿನ ಪ್ರಶ್ನೆಗಳಿಗೆ ಮರಳಬೇಕು. ಸ್ನಾಯುವಿನ ಬಲ ಮರಳುತ್ತದೆ, ಆದರೆ ಆಗಲೇ ಬಾಗಿ ಗಟ್ಟಿಯಾದ ಮೂಳೆ ನೇರವಾಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು. ಚೇತರಿಸಿಕೊಂಡ ಮೇಲೂ ಯೀಸ್ಟ್ ಬೆರೆಸಿದ ಆಹಾರವನ್ನು ಮರಿ ಪೂರ್ತಿ ಗರಿ ತುಂಬುವ ತನಕ, ಅಂದರೆ ಸುಮಾರು ಹತ್ತು ವಾರದವರೆಗೆ, ಮುಂದುವರಿಸುವುದು ಕ್ಷೇಮ.

ಕಡಲೆಕಾಯಿ ಹಿಂಡಿ: ಔಷಧಿಯೆಂದು ಕೊಟ್ಟ ವಿಷ

ನಯಾಸಿನ್ ಹೆಚ್ಚಿರುವ, ಅಗ್ಗವಾದ, ಹಳ್ಳಿಯಲ್ಲಿಯೇ ಸಿಗುವ ಪದಾರ್ಥ ಯಾವುದೆಂದು ಪೋಷಕಾಂಶಗಳ ಪಟ್ಟಿಯಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಕಡಲೆಕಾಯಿ ಹಿಂಡಿ. ಕಾಗದದ ಮೇಲೆ ಇದು ಸರಿಯಾದ ಉತ್ತರ. ಬಾತುಮರಿಯ ಮಟ್ಟಿಗೆ ಮಾತ್ರ ಇದರಷ್ಟು ಅಪಾಯದ ಉತ್ತರ ಇನ್ನೊಂದಿಲ್ಲ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿ ಮರಿಗಳು ಕಾರಣ ತಿಳಿಯದೆ ಸತ್ತವು; ಬಾತುಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಎಲ್ಲವೂ ತಿಂದಿದ್ದದ್ದು ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ ಎಂದು ಗೊತ್ತಾಯಿತು, ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಆ ವಿಷಕ್ಕೆ ಬಾತುಮರಿ ಎಷ್ಟು ಸೂಕ್ಷ್ಮವೆಂದರೆ, ಅನಂತರದ ವರ್ಷಗಳಲ್ಲಿ ಯಾವುದೇ ಆಹಾರದಲ್ಲಿ ಅಫ್ಲಾಟಾಕ್ಸಿನ್ ಇದೆಯೇ ಎಂದು ತಿಳಿಯಲು ಪ್ರಯೋಗಾಲಯಗಳು ಒಂದು ದಿನದ ಬಾತುಮರಿಗೆ ತಿನ್ನಿಸಿ ಅದರ ಯಕೃತ್ತನ್ನು ಪರೀಕ್ಷಿಸುತ್ತಿದ್ದವು. ಕೋಳಿ ತಿಂದು ದಕ್ಕಿಸಿಕೊಳ್ಳುವ, ಹಸುವಿಗೆ ಏನೂ ಆಗದ ಹಿಂಡಿ ಬಾತುಮರಿಯನ್ನು ಕೊಲ್ಲಬಲ್ಲದು. ಪಕ್ಕದ ಕೊಟ್ಟಿಗೆಯ ಹಸು ಅದನ್ನೇ ತಿಂದು ಚೆನ್ನಾಗಿದೆ ಎಂಬುದು ಹಿಂಡಿ ಒಳ್ಳೆಯದೆನ್ನುವುದಕ್ಕೆ ಪುರಾವೆಯಾಗುವುದಿಲ್ಲ.

ಈ ವಿಷದ ಲಕ್ಷಣಗಳು ಕೊರತೆಯನ್ನು ಹೋಲುವುದೇ ದೊಡ್ಡ ತೊಡಕು. ಮರಿ ಮೇವು ಬಿಡುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಕುಂಟುತ್ತದೆ, ತೂರಾಡುತ್ತದೆ. ಕಾಲಿನಲ್ಲಿ ಆಗಲೇ ಹೇಳಿದ ನೇರಳೆ ಬಣ್ಣ, ಸಾಯುವ ಮುನ್ನ ಸೆಳೆತ, ತಲೆ ಹಿಂದಕ್ಕೆ ಬಾಗಿ ಬಿಲ್ಲಿನಂತೆ ಸೆಟೆಯುವುದು. ಇದನ್ನು ನಯಾಸಿನ್ ಕೊರತೆ ಎಂದುಕೊಂಡು ಇನ್ನಷ್ಟು ಹಿಂಡಿ ತಿನ್ನಿಸಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಆಹಾರ ಬದಲಿಸಿದ ವಾರದೊಳಗೆ, ಅಥವಾ ಹೊಸ ಚೀಲ ಒಡೆದ ಮೇಲೆ, ಅಥವಾ ಮಳೆ ಹಿಡಿದು ಚೀಲಕ್ಕೆ ತೇವ ತಗುಲಿದ ಮೇಲೆ ತೊಂದರೆ ಶುರುವಾಯಿತೇ ಎಂಬುದು ಇಲ್ಲಿ ನಿರ್ಣಾಯಕ. ಹಿಂಡಿಯ ಉಂಡೆಯನ್ನು ಒಡೆದು ಒಳಮೈಯನ್ನು ಬೆಳಕಿಗೆ ಹಿಡಿಯಿರಿ. ಹಸಿರು, ಹಳದಿ ಅಥವಾ ಬೂದು ಬಣ್ಣದ ಹುಡಿ, ನೆಲಮಾಳಿಗೆಯ ಮುಗ್ಗುಲು ವಾಸನೆ ಇದ್ದರೆ ಎಸೆದುಬಿಡಿ. ಏನೂ ಕಾಣದಿದ್ದರೂ ವಿಷ ಇರಬಹುದು, ಏಕೆಂದರೆ ಬೂಷ್ಟು ಸತ್ತ ಮೇಲೂ ವಿಷ ಉಳಿಯುತ್ತದೆ. ಬಿಸಿಲಿಗೆ ಹರಡಿ ಒಣಗಿಸುವುದರಿಂದಲೂ ಗಂಜಿಯಂತೆ ಕುದಿಸುವುದರಿಂದಲೂ ಅದು ಹೋಗುವುದಿಲ್ಲ. ಮೆಕ್ಕೆಜೋಳಕ್ಕೂ ಈ ಮಾತು ಅನ್ವಯಿಸುತ್ತದೆ.

ಅಫ್ಲಾಟಾಕ್ಸಿನ್‌ಗೆ ಪ್ರತಿವಿಷವಿಲ್ಲ. ಅನುಮಾನ ಬಂದ ಕೂಡಲೇ ಹಳೆಯ ಆಹಾರವನ್ನು ಪೂರ್ತಿ ನಿಲ್ಲಿಸಿ, ಬಟ್ಟಲು ತೊಳೆದು, ಹೊಸದಾಗಿ ತಂದ ಕಂಪನಿ ಆಹಾರಕ್ಕೆ ಬದಲಿಸುವುದು, ಬಿ ಗುಂಪಿನ ವಿಟಮಿನ್‌ಗಳನ್ನೂ ಬೇಯಿಸಿದ ಮೊಟ್ಟೆಯಂಥ ಒಳ್ಳೆಯ ಪ್ರೋಟೀನನ್ನೂ ಕೊಡುವುದು, ವಿಷವನ್ನು ಹೀರಿಕೊಳ್ಳುವ ಟಾಕ್ಸಿನ್ ಬೈಂಡರ್ ಬೆರೆಸಬೇಕೇ ಎಂದು ಪಶುವೈದ್ಯರನ್ನು ಕೇಳುವುದು, ಇಷ್ಟೇ ನಮ್ಮ ಕೈಯಲ್ಲಿರುವುದು. ನನ್ನ ಅಭಿಪ್ರಾಯದಲ್ಲಿ ಎಂಟು ವಾರದೊಳಗಿನ ಬಾತುಮರಿಯ ಬಟ್ಟಲಿಗೆ ಕಡಲೆಕಾಯಿ ಹಿಂಡಿ ಬರಲೇಬಾರದು. ಪ್ರೋಟೀನಿಗೆ ಸೋಯಾ ಹಿಂಡಿ, ಬೇಯಿಸಿದ ಮೀನು, ಎರೆಹುಳು ಇವೆ.

ಕುತ್ತಿಗೆ ತಿರುಚಿದಾಗ

ಕಾಲಿನ ಬದಲು ಕುತ್ತಿಗೆಯಲ್ಲಿ ದೋಷ ಕಂಡರೆ ಹುಡುಕುವ ದಾರಿ ಬೇರೆ. ಮರಿ ತಲೆಯನ್ನು ಬೆನ್ನ ಮೇಲೆ ಮಡಚಿ ಆಕಾಶ ನೋಡುವಂತೆ ಕುಳಿತಿದ್ದರೆ ಥಯಮಿನ್, ಅಂದರೆ ಬಿ1, ಕೊರತೆಯನ್ನು ನೆನೆಯಬೇಕು. ಕರಾವಳಿಯಲ್ಲಿ ಮೀನುಮಾರುಕಟ್ಟೆಯ ಉಳಿಕೆಯನ್ನು ಹಸಿಯಾಗಿಯೇ ಹಾಕುವವರು ಗಮನಿಸಬೇಕಾದ ಸಂಗತಿಯೆಂದರೆ, ಕೆಲವು ಜಾತಿಯ ಹಸಿ ಮೀನಿನಲ್ಲಿ ಥಯಮಿನ್ ಅನ್ನು ನಾಶಮಾಡುವ ಕಿಣ್ವ ಇರುತ್ತದೆ. ಮೀನನ್ನು ಚೆನ್ನಾಗಿ ಬೇಯಿಸಿದರೆ ಆ ಕಿಣ್ವ ಕೆಡುತ್ತದೆ. ಕರುಳಿನ ಪರಾವಲಂಬಿಯಿಂದ ಬರುವ ಕಾಕ್ಸಿಡಿಯಾ ರೋಗಕ್ಕೆ ಕೊಡುವ ಆಂಪ್ರೋಲಿಯಂ ಔಷಧಿಯ ಪ್ರಮಾಣ ಮಿತಿಮೀರಿದರೂ ಇದೇ ಲಕ್ಷಣ ಬರುತ್ತದೆ, ಆ ಔಷಧಿ ಥಯಮಿನ್‌ನ ವಿರೋಧಿಯಾಗಿಯೇ ಕೆಲಸ ಮಾಡುವಂಥದ್ದು. ಕಮಟು ಹಿಡಿದ ಎಣ್ಣೆ ಅಥವಾ ಹಳೆಯ ತೌಡು ತಿಂದ ಮರಿಗಳಲ್ಲಿ ವಿಟಮಿನ್ ಇ ಕೊರತೆಯಾಗಿ ಸ್ನಾಯುಗಳು ಸೊರಗುತ್ತವೆ. ತೌಡು ಗಿರಣಿಯಿಂದ ತಂದ ಕೆಲವೇ ದಿನಗಳಲ್ಲಿ ಕಮಟಾಗುತ್ತದೆ. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡರೆ ಕಹಿ ತಿಳಿಯುತ್ತದೆ. ವಿಟಮಿನ್ ಇ ಜೊತೆಗೆ ಸೆಲೀನಿಯಂ ಬೆರೆತ ದ್ರವ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಸೆಲೀನಿಯಂನಲ್ಲಿ ಬೇಕಾದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಕಿರಿದಾದುದರಿಂದ ಪಟ್ಟಿಯಲ್ಲಿರುವುದಕ್ಕಿಂತ ಒಂದು ಹನಿಯೂ ಹೆಚ್ಚು ಹಾಕಬಾರದು.

ಕುತ್ತಿಗೆ ತಿರುಚದೆ, ಬಲವೇ ಇಲ್ಲದೆ ಹಗ್ಗದಂತೆ ನೆಲಕ್ಕೆ ಬಿದ್ದಿದ್ದರೆ ಅದು ಬೊಟುಲಿಸಂ, ಅಂದರೆ ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಬಲ ಕಳೆದುಕೊಳ್ಳುವ ರೋಗ, ಇರಬಹುದು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಚಿನ ಕೊಳೆತ ಕೆಸರು, ಸತ್ತ ಪ್ರಾಣಿಯ ಮೇಲಿನ ಹುಳು ತಿಂದವುಗಳಿಗೆ ಇದು ಬರುತ್ತದೆ. ವಿಟಮಿನ್ ಇಲ್ಲಿ ಉಪಯೋಗಕ್ಕೆ ಬಾರದು.

ಆಹಾರದಿಂದ ವಾಸಿಯಾಗದವು

ಆರು ವಾರದೊಳಗಿನ ಮರಿಗಳು, ಮುಖ್ಯವಾಗಿ ಮೊದಲ ಮೂರು ವಾರದವು, ಪಕ್ಕಕ್ಕೆ ಬಿದ್ದು ಕಾಲು ಒದರುತ್ತ ತಲೆ ಹಿಂದಕ್ಕೆ ಸೆಟೆದು ಕೆಲವೇ ಗಂಟೆಗಳಲ್ಲಿ ಸಾಲಾಗಿ ಸತ್ತರೆ ಬಾತುಕೋಳಿಯ ವೈರಲ್ ಹೆಪಟೈಟಿಸ್ (ವೈರಸ್‌ನಿಂದ ಬರುವ ಯಕೃತ್ತಿನ ರೋಗ) ಅನ್ನು ಅನುಮಾನಿಸಬೇಕು. ಕಣ್ಣು ಮೂಗಿನಲ್ಲಿ ಸುರಿತ, ಹಸಿರು ಹಿಕ್ಕೆ, ತಲೆ ನಡುಗುವುದು, ತೂರಾಟ ಇವು ಒಟ್ಟಿಗೆ ಕಂಡರೆ ರೀಮೆರೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿರಬಹುದು. ಇದಕ್ಕೆ ವೈದ್ಯರು ಬರೆದುಕೊಡುವ ಪ್ರತಿಜೀವಕ ಬೇಕು. ಕಣ್ಣಂಚು ಮಾತ್ರ ಅಂಟಿಕೊಂಡಿದ್ದು ಮರಿ ಲವಲವಿಕೆಯಿಂದ ಇದ್ದರೆ ಗಾಬರಿ ಬೇಡ, ತಲೆ ಮುಳುಗಿಸಿ ಮೂಗು ತೊಳೆದುಕೊಳ್ಳುವಷ್ಟು ಆಳದ ನೀರಿನ ಬಟ್ಟಲು ಇಟ್ಟರೆ ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ದೊಡ್ಡ ಬಾತುಗಳೂ ಮರಿಗಳೂ ಒಟ್ಟಿಗೆ ಸಾಯತೊಡಗಿದರೆ ಹಕ್ಕಿಜ್ವರದ ಸಾಧ್ಯತೆಯನ್ನು ಮರೆಯುವಂತಿಲ್ಲ. 2014ರಲ್ಲಿ ಕೇರಳದ ಕುಟ್ಟನಾಡಿನ ಬಾತುಗಳಲ್ಲಿ ಹಕ್ಕಿಜ್ವರದ ಎಚ್‌5ಎನ್‌1 ವೈರಸ್ ಕಾಣಿಸಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟದೆ, ಮಾರದೆ, ಸಾಗಿಸದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ಸಂಚಾರಿ ಪಶುಚಿಕಿತ್ಸೆಯ 1962 ಸಂಖ್ಯೆಗೂ ಕರೆ ಮಾಡಬಹುದು.

ಚೇತರಿಕೆಯ ದಿನಗಳ ಆಹಾರ

ಕಾರಣ ಯಾವುದೇ ಇರಲಿ, ಏಳುತ್ತಿರುವ ಮರಿಗೆ 20ರಿಂದ 22 ಶೇಕಡಾ ಪ್ರೋಟೀನ್ ಇರುವ ಸ್ಟಾರ್ಟರ್ ಕ್ರಂಬಲ್ (ತರಿಯಾಗಿ ಒಡೆದ ಆಹಾರ) ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪಸ್ವಲ್ಪವೇ ಇಡಬೇಕು. ಒಣ ಪುಡಿ ಆಹಾರ ಬಾತಿನ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ಪಕ್ಕದಲ್ಲಿ ನೀರಿಲ್ಲದಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಲಸಿದ್ದು ಎರಡು ಮೂರು ಗಂಟೆಯ ಮೇಲೆ ಉಳಿದರೆ ತೆಗೆದುಹಾಕಿ. ನಮ್ಮ ಹವೆಯಲ್ಲಿ ಹುಳಿಯಲು ಅಷ್ಟು ಹೊತ್ತು ಸಾಕು. ಮೊಟ್ಟೆ ಕೋಳಿಗೆ ಹಾಕುವ ಲೇಯರ್ ಆಹಾರ ಮನೆಯಲ್ಲಿದೆಯೆಂದು ಅದನ್ನೇ ಕೊಡಬಾರದು: ಅದರಲ್ಲಿ ಸುಣ್ಣದ ಅಂಶ ಶೇಕಡಾ ಮೂರೂವರೆಯಿಂದ ನಾಲ್ಕರಷ್ಟಿದ್ದು, ಒಂದಕ್ಕಿಂತ ಕಡಿಮೆ ಸಾಕಾಗುವ ಮರಿಯ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಉಪ್ಪು ಹಾಕಿದ ಒಣಮೀನು, ಸಾರು ಕಲಸಿದ ಅನ್ನ ಇವೂ ಬೇಡ, ಉಪ್ಪಿನ ಅಂಶ ಮರಿಗೆ ಬೇಗ ವಿಷವಾಗುತ್ತದೆ. ಹೆಚ್ಚಿದ ನುಗ್ಗೆಸೊಪ್ಪು, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಸಸ್ಯ, ಬೇಯಿಸಿ ಹಿಸುಕಿದ ಮೊಟ್ಟೆ ಚಿಟಿಕೆಯಷ್ಟು ಸೇರಿದರೆ ಹಸಿವು ಕೆರಳುತ್ತದೆ. ಮರಿ ಚೇತರಿಸಿಕೊಂಡಿತೆಂಬ ಸಂಭ್ರಮದಲ್ಲಿ ಪ್ರೋಟೀನನ್ನು ಏರಿಸುತ್ತ ಹೋಗುವುದೂ ಒಳ್ಳೆಯದಲ್ಲ. ಮೂರು ವಾರದ ನಂತರ ಬೆಳವಣಿಗೆ ಅತಿವೇಗವಾದರೆ ರೆಕ್ಕೆಯ ತುದಿ ಹೊರಕ್ಕೆ ತಿರುಗಿ ನಿಲ್ಲುವ ಬೇರೊಂದು ದೋಷ ಶುರುವಾಗುತ್ತದೆ.

ಕಣ್ಣಂದಾಜಿಗಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿ ಹೆಚ್ಚು ನಂಬಿಕೆಗೆ ಅರ್ಹ. ದಿನವೂ ಬೆಳಗ್ಗೆ ಆಹಾರ ಇಡುವ ಮುನ್ನ ಮರಿಯನ್ನು ತೂಗಿ ಬರೆದಿಟ್ಟರೆ, ಮರಿ ಲವಲವಿಕೆಯಿಂದ ಇದ್ದಂತೆ ಕಂಡರೂ ತೂಕ ಎರಡು ದಿನ ಸತತವಾಗಿ ಇಳಿದಿದ್ದು ಗೊತ್ತಾಗಿ ವೈದ್ಯರ ಬಳಿಗೆ ಹೋಗಲು ಸಮಯ ಸಿಗುತ್ತದೆ.

ಮರಿ ಉಳಿಯದೆ ಹೋದರೆ ಹೂಳುವ ಅವಸರ ಬೇಡ. ಉಳಿದ ಮರಿಗಳಿಗೆ ಏನಾಗಲಿದೆ ಎಂಬುದನ್ನು ಸತ್ತ ಮರಿಯ ಯಕೃತ್ತು ಹೇಳಬಲ್ಲದು. ಕೈಗವಸು ಹಾಕಿಕೊಂಡು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ತಣ್ಣಗೆ ಇಟ್ಟು, ಅದೇ ದಿನ ಅಥವಾ ಮರುದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಫ್ರೀಜರ್‌ನಲ್ಲಿಟ್ಟು ಕಲ್ಲಾಗಿಸಿದರೆ ಅಂಗಾಂಶ ಕೆಟ್ಟು ಪರೀಕ್ಷೆಗೆ ಅಡ್ಡಿಯಾಗುತ್ತದೆ. ಜೊತೆಗೆ ಮರಿ ತಿನ್ನುತ್ತಿದ್ದ ಆಹಾರದಲ್ಲಿ ಅರ್ಧ ಕಿಲೋದಷ್ಟನ್ನು, ಚೀಲದ ಮೇಲ್ಭಾಗದಿಂದ ಮಾತ್ರವಲ್ಲದೆ ತಳದಿಂದಲೂ ನಡುವಿನಿಂದಲೂ ತೆಗೆದು, ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಬೇಕು, ಏಕೆಂದರೆ ಬೂಷ್ಟು ಚೀಲದ ತುಂಬ ಒಂದೇ ಸಮನಾಗಿ ಹರಡಿರುವುದಿಲ್ಲ. ಕೊಟ್ಟ ಪೂರಕಗಳ ಹೆಸರು, ಪ್ರಮಾಣ ಮತ್ತು ತೂಕದ ಪಟ್ಟಿಯೂ ಅದರೊಂದಿಗಿರಲಿ.